ತಲೆಯ ಕಾವು

ಧಡ್. ಒಂದು ಉಸಿರಿನಷ್ಟು ಬಿಡುವು. ಮತ್ತೆ ಧಡ್.

ಮುಂಬಯಿಯ ಹೊರವಲಯದ ವಿಠ್ಠಲವಾಡಿ ಸ್ಟೇಷನ್ನಿನ ಹಿಂದಿನ ಚಾಳಿನಲ್ಲಿ ಗುರಮ್ಮನ ಖೋಲಿಗೂ ತಗಡು ಒತ್ತುವ ಕಾರ್ಖಾನೆಗೂ ನಡುವೆ ಒಂದೇ ಗೋಡೆ. ಬೆಳಿಗ್ಗೆ ಆರಕ್ಕೆ ಪ್ರೆಸ್ ಶುರುವಾದರೆ ಹಲಗೆಯ ಮೇಲಿನ ಪಾತ್ರೆಗಳು ಒಂದಕ್ಕೊಂದು ತಾಗಿ ನಡುಗುತ್ತಿದ್ದವು. ಆ ಖೋಲಿಗೆ ಬಾಡಿಗೆಗೆ ಬಂದವರು ಯಾರೂ ಮೂರು ತಿಂಗಳು ನಿಂತಿರಲಿಲ್ಲ. ಗುರಮ್ಮ ಒಂಬತ್ತು ವರ್ಷ ನಿಂತಳು. ಒಂದು ಏಟು ಬಿದ್ದ ಮೇಲೆ ಮುಂದಿನದು ಯಾವಾಗ ಬೀಳುತ್ತದೆಂದು ಇಲ್ಲಿ ಮೊದಲೇ ಗೊತ್ತಾಗುತ್ತಿತ್ತು. ಕೋಪರಿಯ ಮನೆಯಲ್ಲಿ ಅಷ್ಟೂ ಗೊತ್ತಾಗುತ್ತಿರಲಿಲ್ಲ.

ಠಾಣೆ ಸ್ಟೇಷನ್ನಿನ ಪಕ್ಕದ ಕೋಪರಿಯ ಮನೆ ಅವಳ ಗಂಡನದು. ಚಂದ್ರಾಮ ವಿಜಯಪುರದ ಕಡೆಯವನು, ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ಹಮಾಲ. ಬೆನ್ನು ಬಾಗಿಲಿನಷ್ಟು ಅಗಲ. ಸಂಜೆ ಹೊಸ್ತಿಲು ದಾಟುವಾಗ ಅಂಗೈಯಿಂದ ಕತ್ತಿನ ಹಿಂಭಾಗ ಉಜ್ಜಿಕೊಂಡನೆಂದರೆ ಗುರಮ್ಮ ಸ್ಟೋವಿನ ಮೇಲಿನ ಬಿಸಿ ನೀರನ್ನು ಕೆಳಗಿಳಿಸಿ ಮೂಲೆಗೆ ಸರಿಸುತ್ತಿದ್ದಳು. ಅವನ ಬಾಯಿಂದ ಬರುವ ಮಾತು ಒಂದೇ: "ತಲಿ ಕಾದೈತಿ ನಂದು." ಮೊದಲ ವರ್ಷ ಅದು ಕಪಾಳಕ್ಕೆ ಮುಗಿಯುತ್ತಿತ್ತು. ಎರಡನೆಯ ವರ್ಷ ಬೆಲ್ಟು ಬಂತು, ಆಮೇಲೆ ಮೂಟೆ ಎಳೆಯುವ ಹುಕ್ಕಿನ ಮರದ ಹಿಡಿಕೆ. ಮೂರನೆಯ ವರ್ಷ ಹಿತ್ತಾಳೆಯ ಪಂಪ್ ಸ್ಟೋವನ್ನೇ ಎತ್ತಿ ಎಸೆದ. ಅದು ಅವಳ ಎಡಗಿವಿಯ ಮೇಲೆ ಬಿದ್ದು, ಅವಳು ಎಂಟು ದಿನ ಎದ್ದಿರಲಿಲ್ಲ. ದವಾಖಾನೆಗೆ ಒಯ್ದರೆ ಪೋಲೀಸರು ಕೇಳುತ್ತಾರೆಂದು ಅತ್ತೆ ಚಂದ್ರಬಾಯಿ ಮನೆಯಲ್ಲೇ ಮಲಗಿಸಿಕೊಂಡು, ಚಮಚದಿಂದ ಗಂಜಿ ಕುಡಿಸಿ ಬದುಕಿಸಿದಳು. ಎದ್ದ ಮೇಲೆ ಆ ಕಿವಿಯಲ್ಲಿ ಸೊಳ್ಳೆಯಂಥ ಒಂದು ಸದ್ದು ಉಳಿಯಿತು, ಅದು ಹೋಗಲೇ ಇಲ್ಲ.

೨೦೦೫ರ ಜುಲೈ ತಿಂಗಳ ಆ ಮಹಾಮಳೆಯ ದಿನ ಚಾಳಿನೊಳಗೆ ಮೊಣಕಾಲು ನೀರು. ಕೆಲಸವಿಲ್ಲದೆ ವಾಪಸು ಬಂದ ಚಂದ್ರಾಮ ಕತ್ತು ಉಜ್ಜಿಕೊಂಡ. ಒಲೆ ಯಾಕೆ ಹಚ್ಚಿಲ್ಲವೆಂದು ಕೇಳಿದ. ಹಚ್ಚುವ ಜಾಗವೆಲ್ಲ ನೀರು ಎಂದಳು ಇವಳು. "ನೀರೇನು? ಎಷ್ಟೈತಿ ನೋಡೂಣು ತಡಿ" ಎಂದವನು ಅವಳ ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡು ಮುಖವನ್ನು ನೀರಿನೊಳಕ್ಕೆ ಒತ್ತಿದ. ಕಣ್ಣು ತೆರೆದೇ ಇತ್ತು. ಕಂದು ನೀರಿನಲ್ಲಿ ಅವಳದೇ ಬಳೆಯ ಚೂರೊಂದು ತೇಲದೆ ಮುಳುಗದೆ ತಿರುಗುತ್ತಿತ್ತು. ಮಂಚದ ಮೇಲೆ ಕಾಲು ಮಡಚಿ ಕೂತಿದ್ದ ಚಂದ್ರಬಾಯಿ, "ಸಾಕ್ ಬಿಡೋ, ಸತ್ತಗಿತ್ತಾಳ" ಎಂದ ಮೇಲೆ ಅವನು ಬಿಟ್ಟ.

ಅವನು ಬೆನ್ನು ತಿರುಗಿಸಿದಾಗ ಗುರಮ್ಮ ಹೊರಗೆ ಬಂದಳು. ಲೋಕಲ್ ಗಾಡಿಗಳು ನಿಂತಿದ್ದವು. ಸಾವಿರಾರು ಜನ ಹಳಿಯ ಮೇಲೆ ಕಲ್ಯಾಣದ ಕಡೆಗೆ ನಡೆಯುತ್ತಿದ್ದರು. ಅವಳೂ ನಡೆದಳು. ಕಾಲಿನ ಒಂದು ಚಪ್ಪಲಿ ನಾಲೆಯ ಪಾಲಾಗಿತ್ತು. ಆ ಚಪ್ಪಲಿಯೇ ಮರುದಿನ ಸಿಕ್ಕಿ, ಮನೆಯವರು ಅವಳು ಕೊಚ್ಚಿಹೋದಳೆಂದುಕೊಂಡರಂತೆ. ಈ ಸುದ್ದಿ ತಂದವಳು ಕೋಪರಿಯ ಚಾಳಿನಲ್ಲಿ ಸೊಪ್ಪು ಮಾರುವ, ರಾಯಚೂರಿನ ಕಡೆಯ ಮರೆಮ್ಮ. ಎರಡು ತಿಂಗಳಾದ ಮೇಲೆ ಕಲ್ಯಾಣ ಸ್ಟೇಷನ್ನಿನಲ್ಲಿ ಎದುರಾಗಿ, ಬುಟ್ಟಿ ಕೆಳಗಿಟ್ಟು ಎದೆ ಹಿಡಿದುಕೊಂಡಳು.

"ಯವ್ವಾ! ನಿನ್ನ ದಿನಾ ಮಾಡಿದ್ರಲ್ಲೇ. ನಾನೂ ಉಂಡು ಬಂದೀನಿ."

"ಏನ್ ಮಾಡಿದ್ರು?"

"ಹುಗ್ಗಿ ಮಾಡಿದ್ರು."

"ತುಪ್ಪ ಹಾಕಿದ್ರೇನು?"

"ಕಡಿಮಿ ಇತ್ತು" ಎಂದಳು ಮರೆಮ್ಮ, ತಾನೇ ತಪ್ಪು ಮಾಡಿದವಳಂತೆ. ಇಬ್ಬರೂ ನಕ್ಕರು. ಯಾರಿಗೂ ಹೇಳಬೇಡವೆಂದು ಗುರಮ್ಮ ಅವಳ ಕೈ ಹಿಡಿದುಕೊಂಡಳು. ಮರೆಮ್ಮ ಹೇಳಲಿಲ್ಲ. ಸತ್ತವಳನ್ನು ಯಾರೂ ಹುಡುಕುವುದಿಲ್ಲ. ಇದಕ್ಕಿಂತ ದೊಡ್ಡ ಬೀಗ ಗುರಮ್ಮನಿಗೆ ಬೇರೆಲ್ಲೂ ಸಿಗುತ್ತಿರಲಿಲ್ಲ.

ಮರುವರ್ಷ ಸೀವುಡ್ಸ್ ಬಳಿಯ ಆಸ್ಪತ್ರೆಯೊಂದರಲ್ಲಿ ವಿಮಲಾ ಎಂಬ ಹೆಸರಿನಲ್ಲಿ ಆಯಾ ಕೆಲಸಕ್ಕೆ ಸೇರಿದಳು. ಎಲ್ಲರ ಬಾಯಲ್ಲೂ ಮಾವಶಿ, ಅಂದರೆ ಚಿಕ್ಕಮ್ಮ, ಆದಳು. ದಿನವೂ ಠಾಣೆಯಲ್ಲಿ ಗಾಡಿ ಬದಲಿಸಬೇಕು, ನವಿ ಮುಂಬಯಿಯ ಗಾಡಿ ನಿಲ್ಲುವುದು ಕೋಪರಿಯ ಬದಿಗೇ. ಆ ಏಳೆಂಟು ನಿಮಿಷ ಅವಳು ಸೆರಗಿನಿಂದ ಮುಖ ಮುಚ್ಚಿ ಕಂಬಕ್ಕೆ ಒರಗಿ ನಿಲ್ಲುತ್ತಿದ್ದಳು. ಎಂಟು ವರ್ಷವೂ ಹಾಗೇ.

ಅವಳನ್ನು ಹಾಕಿದ್ದು ಎಂಆರ್‌ಐ ಕೋಣೆಯ ಬಾಗಿಲಿಗೆ. ಒಳಗಿನ ಆ ದೊಡ್ಡ ಕೊಳವೆಯೇ ಒಂದು ಅಯಸ್ಕಾಂತ, ಅದು ಹಗಲೂ ರಾತ್ರಿ ಎಚ್ಚರ, ಯಾವತ್ತೂ ಆರುವುದಿಲ್ಲ. ರೋಗಿಗಳ ಮೈಮೇಲಿನ ಲೋಹವನ್ನೆಲ್ಲ ಬಾಗಿಲ ಹೊರಗೇ ತೆಗೆಸುವುದು ಅವಳ ಕೆಲಸ. ಸೇರಿದ ಹೊಸದರಲ್ಲಿ ನರ್ಸ್ ಒಬ್ಬಳ ಜೇಬಿನಿಂದ ಕತ್ತರಿ ತಾನೇ ಎದ್ದು, ಗಾಳಿಯಲ್ಲಿ ಮೂತಿ ತಿರುಗಿಸಿ, ಅವಳ ಕೆನ್ನೆ ಸೀಳಿಕೊಂಡು ಕೊಳವೆಯೊಳಗೆ ಹೋಗಿ ಕಚ್ಚಿಕೊಂಡಿದ್ದನ್ನು ಗುರಮ್ಮ ಕಂಡಿದ್ದಳು. ನೆಲದ ರಕ್ತವನ್ನು ಒರೆಸಿದವಳೂ ಅವಳೇ. ಅಂದಿನಿಂದ ಅವಳ ಬೆರಳಿಗೆ ಕಣ್ಣು ಬಂದವು. ಮಾರವಾಡಿ ಅಜ್ಜಿಯರ ತುರುಬಿನೊಳಗಿನ ಪಿನ್ನು, ಉಡುದಾರದಲ್ಲಿ ಕಟ್ಟಿದ ತಾಯಿತ, ರವಿಕೆಯೊಳಗಿನ ಗಂಟು, ಎಲ್ಲವನ್ನೂ ಮುಟ್ಟಿಯೇ ಹೇಳುತ್ತಿದ್ದಳು.

ಯಂತ್ರ ನಡೆಸುವವರು ಉಮಾವತಿ, ಕಾರ್ಕಳದ ಕಡೆಯವರು. ಒಂದು ದಿನ ಅವರು ಕುರ್ಚಿಗೆ ಒರಗಿ "ಎಂತ ತಲೆಬಿಸಿ ಮಾರಾಯ್ತಿ" ಎಂದಾಗ ಗುರಮ್ಮ ಬಟ್ಟಲು ಕೆಳಗಿಟ್ಟು ಓಡಿ ಬಂದು ಹಣೆ ಮುಟ್ಟಿ ನೋಡಿದ್ದಳು. "ಏನೂ ಕಾದಿಲ್ಲಲ್ರಿ ಮೇಡಂ!" ಕರಾವಳಿಯಲ್ಲಿ ಆ ಮಾತಿಗೆ ಬರೀ ಚಿಂತೆ ಎಂದರ್ಥ ಅಂತ ತಿಳಿದ ಮೇಲೂ ಮುಟ್ಟಿ ನೋಡುವುದನ್ನು ಅವಳು ಬಿಡಲಿಲ್ಲ. ಅದು ಅವರಿಬ್ಬರ ನಡುವಿನ ತಮಾಷೆಯಾಯಿತು.

೨೦೧೪ರಲ್ಲಿ ಡಾಕ್ಟರ್ ರಂಜನ್ ಎಂಬ ತರುಣ ಬಂದು ಹೊಸ ಅಧ್ಯಯನ ಶುರುಮಾಡಿದ. ತಲೆಗೆ ಪೆಟ್ಟಾದವರ ಮೆದುಳು ಒಮ್ಮೊಮ್ಮೆ ಮೈಗಿಂತ ಹೆಚ್ಚು ಕಾಯುತ್ತದೆ. ಕಂಕುಳಲ್ಲಿಟ್ಟ ಥರ್ಮಾಮೀಟರಿಗೆ ಅದು ತಿಳಿಯುವುದಿಲ್ಲ. ಬುರುಡೆಗೆ ತೂತು ಕೊರೆದು ತಂತಿ ಇಳಿಸದೆ, ಎಂಆರ್‌ಐಯಿಂದಲೇ ಆ ಕಾವನ್ನು ಅಳೆಯಲು ಆಗುತ್ತದೋ ನೋಡುವುದು ಅವನ ಕೆಲಸ. ಉಮಾವತಿ ಅದಕ್ಕೆ ತಲೆಬಿಸಿ ಸ್ಟಡಿ ಎಂದು ಹೆಸರಿಟ್ಟರು. ಗುರಮ್ಮನಿಗೆ ಅರ್ಥವಾಗುವ ಹಾಗೆ ಬಿಡಿಸಿಯೂ ಹೇಳಿದರು.

"ಮೆದುಳಲ್ಲಿ ನೀರುಂಟಲ್ವಾ, ಅದು ಈ ಮಿಷಿನ್ನಿಗೆ ಒಂದು ಸ್ವರ ಕೊಡ್ತದೆ. ಇನ್ನೊಂದು ವಸ್ತು ಉಂಟು, ಅದೂ ಒಂದು ಸ್ವರ ಕೊಡ್ತದೆ. ಬಿಸಿ ಆದ್ರೆ ನೀರಿನ ಸ್ವರ ಸ್ವಲ್ಪ ಜಾರ್ತದೆ. ಇನ್ನೊಂದು ಜಾರುದಿಲ್ಲ. ಎರಡರ ನಡುವೆ ಎಷ್ಟು ದೂರ ಅಂತ ನೋಡಿದ್ರೆ ಬಿಸಿ ಗೊತ್ತಾಗ್ತದೆ."

"ಅಂದ್ರ ಮುಟ್ಟದನ ನೋಡೂದು."

"ಹೌದು. ನಿನ್ನ ಹಾಗೆ ಹಣೆ ಮುಟ್ಲಿಕ್ಕಿಲ್ಲ."

ಆ ವರ್ಷದ ಅಕ್ಟೋಬರಿನ ಒಂದು ಮಂಗಳವಾರ, ಬೆಳಗಿನ ಹನ್ನೊಂದರ ಹೊತ್ತಿಗೆ ಐಸಿಯುವಿನಿಂದ ಟ್ರಾಲಿ ಬಂತು, ಅಯಸ್ಕಾಂತಕ್ಕೆ ಅಂಟದ ಅಲ್ಯುಮಿನಿಯಮ್ಮಿನದು. ಯಾವ ಲಾರಿಗೆ ಯಾರ ಸರದಿ ಎಂಬ ಮಾತಿಗೆ ಹಮಾಲರ ಎರಡು ಗುಂಪು ಹೊಡೆದಾಡಿ, ಒಬ್ಬನ ಎಡಗಣತಲೆಗೆ ಹುಕ್ಕು ಬಿದ್ದಿತ್ತಂತೆ. ಬಿದ್ದವನನ್ನು ಮತ್ತೆ ಮೂರು ಜನ ತುಳಿದಿದ್ದರಂತೆ. ಎರಡು ದಿನದಿಂದ ಎಚ್ಚರವಿಲ್ಲ, ಉಸಿರಾಟಕ್ಕೆ ಬಾಯಲ್ಲಿ ನಳಿಕೆ. ಮುಖ ಊದಿ ಕಪ್ಪಗೆ ಕಳಿತ ಹಣ್ಣಿನಂತಾಗಿ, ಕಣ್ಣು ಮೂಗು ಬೇರೆ ಬೇರೆಯಾಗಿ ಕಾಣುತ್ತಿರಲಿಲ್ಲ. ಗುರಮ್ಮ ಬೆರಳಿನ ಉಂಗುರ ನೋಡಲು ಬಲಗೈ ಎತ್ತಿದಳು. ಹೆಬ್ಬೆರಳಿಗೆ ಉಗುರಿರಲಿಲ್ಲ.

ಆ ಹೆಬ್ಬೆರಳು ಅವಳ ಗಂಟಲಿಗೆ ಗೊತ್ತಿತ್ತು.

ಕೈ ಕೆಳಗಿಟ್ಟಳು. ಟ್ರಾಲಿಯ ಹಿಂದೆಯೇ ಭೀಮು ಬರುತ್ತಿದ್ದ, ಚಂದ್ರಾಮನ ತಮ್ಮ. ಅವನ ತೋಳು ಹಿಡಿದು ಚಂದ್ರಬಾಯಿ. ಮುದುಕಿ ಕುಗ್ಗಿದ್ದಳು. ಗುರಮ್ಮನ ಮುಖಕ್ಕೆ ಮಾಸ್ಕು, ತಲೆಗೆ ಟೋಪಿ, ಮೈಮೇಲೆ ನೀಲಿ ಕೋಟು. ಇಬ್ಬರೂ ಅವಳನ್ನು ನೋಡಿದರು, ಗುರುತಿಸಲಿಲ್ಲ. ಬಾಯಿ ಬಿಡದಿದ್ದರೆ ಸಾಕು, ಇನ್ನು ಒಂದು ಗಂಟೆಯಲ್ಲಿ ಇವರೆಲ್ಲ ಹೋಗುತ್ತಾರೆ ಎಂದುಕೊಂಡು ಅವಳು ಕೆಲಸಕ್ಕೆ ಬಾಗಿದಳು. ಉಡುದಾರ ಕತ್ತರಿಸಿದಳು. ಕಿವಿ ನೋಡಿದಳು. ಕತ್ತಿನ ಕೆಳಗೆ ಕೈ ತೂರಿಸಿದಳು.

ತಲೆ ಹೊರಳದಿರಲೆಂದು ಅದರ ಕೆಳಗೆ ಹಮಾಲರು ಮೂಟೆಗೆ ಇಟ್ಟುಕೊಳ್ಳುವ ಬಟ್ಟೆಯ ಸಿಂಬಿ ಇಟ್ಟಿದ್ದರು. ಹಳೆಯ ಇಳಕಲ್ ಸೀರೆಯ ತುಂಡು, ಅಂಚಿಗೆ ನೀಲಿ ದಾರದ ಒರಟು ಹೊಲಿಗೆ. ಬೆರಳು ಆ ಹೊಲಿಗೆಗೆ ತಾಗಿದ್ದೇ ತಡ, ಗುರಮ್ಮನ ಎಡಗಿವಿಯಲ್ಲಿ ಸೊಳ್ಳೆ ಎದ್ದಿತು.

ಸ್ಟೋವಿನ ಏಟು ತಿಂದು ಬಿದ್ದ ಆ ಎಂಟು ದಿನ ಅವಳ ತಲೆ ಇದ್ದದ್ದು ಇದೇ ಸಿಂಬಿಯ ಮೇಲೆ. ಇದರೊಳಗೆ ಏನಿದೆ ಎಂದು ಜಗತ್ತಿನಲ್ಲಿ ಗೊತ್ತಿದ್ದದ್ದು ಚಂದ್ರಬಾಯಿಗೆ ಮತ್ತು ಅವಳಿಗೆ. ಎತ್ತಿನ ಕಾಲಿನ ಲಾಳ. ಬೆರಳುದ್ದದ, ಬಾಗಿದ ಕಬ್ಬಿಣ. ಜಡ್ಡು ಬಿದ್ದವರ ತಲೆಯ ಬಳಿ ಕಬ್ಬಿಣವಿದ್ದರೆ ಸತ್ತವರು ಹತ್ತಿರ ಸುಳಿಯುವುದಿಲ್ಲ. ಇಟ್ಟವರು ಇಟ್ಟಿದ್ದೇವೆಂದು ಬಾಯಿ ಬಿಟ್ಟು ಹೇಳುವಂತಿಲ್ಲ, ಹೇಳಿದರೆ ಅದರ ಕಾವಲು ಹರಿಯಿತು.

ಉಮಾವತಿ ಬಾಗಿಲಲ್ಲಿ ನಿಂತು ಪಟ್ಟಿ ಓದುತ್ತಿದ್ದರು. "ಅಮ್ಮ, ಮೆಟಲ್ ಎಂತಾದ್ರೂ ಉಂಟಾ ಮೈಯಲ್ಲಿ? ಲೋಹ, ಲೋಹ?"

"ಏನೂ ಇಲ್ಲರಿ" ಎಂದಳು ಚಂದ್ರಬಾಯಿ. "ಬಟ್ಟಿ ಅಷ್ಟ."

ಗುರಮ್ಮ ಮಾತಿಲ್ಲದೆ ಸಿಂಬಿಯನ್ನು ಎಳೆಯತೊಡಗಿದಳು. ಮುದುಕಿ ಎಲ್ಲಿತ್ತೋ ಆ ಬಲ, ಹಾರಿ ಬಂದು ಮಗನ ತಲೆಯನ್ನು ಎರಡೂ ಕೈಯಿಂದ ಅವುಚಿಕೊಂಡಳು. "ಮುಟ್ಟಬ್ಯಾಡ! ಅದನ್ನ ಮುಟ್ಟಬ್ಯಾಡ! ಆ ಖೋಡಿ ನೀರಾಗ ಸತ್ತ ದಿನದಿಂದ ನನ್ನ ಮಗನ ಬೆನ್ನ ಹತ್ತ್ಯಾಳ. ಆಕೀನ ಹೊಡಿಸ್ಯಾಳ ಇವಗ!"

ನಳಿಕೆ ಅಲುಗಿತು. ಯಂತ್ರವೊಂದು ಕೀಚಲು ದನಿಯಲ್ಲಿ ಕೂಗಿಕೊಂಡಿತು. ಡಾಕ್ಟರ್ ರಂಜನ್ ಓಡಿ ಬಂದು ನಳಿಕೆ ಹಿಡಿದ. "ಛೋಡ್ ದೋ ಮಾವಶಿ, ಕಪಡಾ ಹೀ ತೋ ಹೈ. ರಹನೇ ದೋ. ಚಲೋ ಅಂದರ್."

ಬಟ್ಟೆ ತಾನೆ, ಇರಲಿ ಬಿಡು. ಡಾಕ್ಟರೇ ಹೇಳಿದ. ಹತ್ತು ಜನರೆದುರು ಹೇಳಿದ.

ಟ್ರಾಲಿಯ ಗಾಲಿ ತಿರುಗಿತು. ದಪ್ಪ ಬಾಗಿಲಿಗೆ ನಾಲ್ಕು ಹೆಜ್ಜೆ. ಮೊದಲ ಹೆಜ್ಜೆಗೆ ಗುರಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು. ಎರಡನೆಯದಕ್ಕೆ ಮುಂದಾಗುವುದೆಲ್ಲ ಅವಳ ಕಣ್ಣಿಗೆ ಕಂಡಿತು. ಬಟ್ಟೆ ಹರಿಯುತ್ತದೆ. ಲಾಳ ಮೂತಿ ತಿರುಗಿಸುತ್ತದೆ, ಅಡ್ಡ ಬಂದದ್ದನ್ನು ಸೀಳುತ್ತದೆ. ಅಡ್ಡ ಇರುವುದು ಒಂದು ತಲೆ, ಅದೂ ಮೊದಲೇ ಒಡೆದದ್ದು. ಕತ್ತರಿಯ ದಿನದ ರಕ್ತಕ್ಕೆ ಎರಡು ಬಕೆಟ್ ನೀರು ಹಿಡಿದಿತ್ತು, ಇದಕ್ಕೆ ಎಷ್ಟು ಹಿಡಿಯಬಹುದೆಂದೂ ಅವಳು ಯೋಚಿಸಿದಳು. ಅವಳ ಮೈಯೊಳಗೆ ಎಲ್ಲೋ ಒಂದು ಕಡೆ ಬೆಚ್ಚಗಾಯಿತು. ಅದು ಹಿತವಾಗಿತ್ತು. ಅಷ್ಟು ಹಿತವಾದದ್ದು ಒಂಬತ್ತು ವರ್ಷದಲ್ಲಿ ಯಾವುದೂ ಇರಲಿಲ್ಲ. ತನ್ನ ಕೈ ತಾನೇ ಎದ್ದು ಕತ್ತಿನ ಹಿಂಭಾಗ ಉಜ್ಜುತ್ತಿರುವುದು ಅವಳಿಗೆ ಮೂರನೆಯ ಹೆಜ್ಜೆಗೆ ಗೊತ್ತಾಯಿತು.

ಕೈಯನ್ನು ಬೆಂಕಿ ಮುಟ್ಟಿದವಳಂತೆ ಕೆಳಗೆ ಎಳೆದುಕೊಂಡಳು.

"ಅತ್ತಿ" ಎಂದಳು. "ಸಿಂಬ್ಯಾಗ ಲಾಳ ಐತಿ. ತಗೀರಿ. ಒಳಗ ಒಯ್ದ್ರ ಅದ ಅವನ್ನ ಕೊಲ್ತೈತಿ."

ಚಂದ್ರಬಾಯಿ ಮೊದಲು ಆ ದನಿಯ ಗುರುತು ಹಿಡಿದಳು, ಆಮೇಲೆ ದನಿ ಬಂದ ಕಡೆ ನೋಡಿದಳು. ಗುರಮ್ಮ ಮಾಸ್ಕನ್ನು ಗದ್ದಕ್ಕೆ ಇಳಿಸಿ, ಟ್ರಾಲಿಯ ಕಂಬಿಯನ್ನು ಎರಡೂ ಕೈಯಿಂದ ಹಿಡಿದು ನಿಲ್ಲಿಸಿದ್ದಳು. ಭೀಮುವಿನ ಕೈಯಲ್ಲಿದ್ದ ಔಷಧದ ಚೀಲ ಜಾರಿ ಬಿತ್ತು.

"ಬಂದಳೋ!" ಮುದುಕಿ ಕಿರುಚಿದಳು. "ಕಬ್ಬಣಾ ತಗಸಾಕ ಬಂದಳೋ! ಗುರಮ್ಮ ಬಂದಳೋ!"

ಕಿರುಚುತ್ತಲೇ ಮಗನ ತಲೆಯ ಕೆಳಗಿನಿಂದ ಸಿಂಬಿಯನ್ನು ಕಿತ್ತು, ಎರಡೂ ಕೈಯಿಂದ ಎತ್ತಿ ಗುರಮ್ಮನ ಮುಖಕ್ಕೆ ಬೀಸಿದಳು. ದೆವ್ವಕ್ಕೆ ಕಬ್ಬಿಣದಿಂದಲೇ ಹೊಡೆಯಬೇಕು. ಮೊದಲ ಏಟು ಮೂಗಿಗೆ. ಎರಡನೆಯದು ಹುಬ್ಬಿಗೆ. ಮೂರನೆಯದಕ್ಕೆ ನೀಲಿ ಹೊಲಿಗೆ ಬಿರಿಯಿತು. ಗುರಮ್ಮ ಕಂಬಿ ಬಿಡಲಿಲ್ಲ, ಕೈ ಅಡ್ಡ ತರಲೂ ಇಲ್ಲ, ಬಿಟ್ಟರೆ ಟ್ರಾಲಿ ಮುಂದಕ್ಕೆ ಹೋಗುತ್ತದೆ. ಲಾಳ ಠಣ್ಣೆಂದು ಹಾಸುಗಲ್ಲಿನ ಮೇಲೆ ಬಿದ್ದು, ಉರುಳಿ, ಡಾಕ್ಟರನ ಬೂಟಿಗೆ ತಾಗಿ ನಿಂತಿತು.

ರಂಜನ್ ಬಗ್ಗಿ ಅದನ್ನು ಎತ್ತಿಕೊಂಡ. ನಂತರ ತೆರೆದ ಬಾಗಿಲನ್ನು ನೋಡಿದ. ಅವನ ಮುಖದ ಬಣ್ಣ ಹೋಯಿತು. ಗುರಮ್ಮನ ಹುಬ್ಬಿನಿಂದ ರಕ್ತ ಕಣ್ಣಿಗೆ ಇಳಿದು, ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಮುದುಕಿಗೂ ಅದು ಕಂಡಿತು. ದೆವ್ವಕ್ಕೆ ರಕ್ತ ಬರುವುದಿಲ್ಲ. ಕೈಯಲ್ಲಿ ಹರಿದ ಬಟ್ಟೆ ಹಿಡಿದುಕೊಂಡು ಅವಳು ಹಾಗೇ ನೆಲಕ್ಕೆ ಕುಸಿದು ಕೂತಳು.

ಸ್ಕ್ಯಾನ್ ನಡೆಯಿತು. ಹುಬ್ಬಿಗೆ ಹತ್ತಿ ಒತ್ತಿಕೊಂಡು ಗುರಮ್ಮ ಉಮಾವತಿಯ ಹಿಂದೆ, ಗಾಜಿನ ಈಚೆ ನಿಂತಳು. ಪರದೆಯ ಮೇಲೆ ಗಂಡನ ತಲೆ ಹೋಳು ಹೋಳಾಗಿ ಬರುತ್ತಿತ್ತು, ಬೂದು ಬಣ್ಣದ ಹೂಕೋಸಿನ ಹಾಗೆ. ಒಂದು ಕಡೆ ಅದು ಊದಿ, ಇನ್ನೊಂದು ಕಡೆಯನ್ನು ಒತ್ತಿತ್ತು. ಉಮಾವತಿ ಊದಿದ ಜಾಗದಲ್ಲಿ ಒಂದು ಚಿಕ್ಕ ಚೌಕ ಇಟ್ಟರು. ಗೆರೆಯೊಂದು ಎರಡು ಮೊನೆಯಾಗಿ ಎದ್ದಿತು. ಅವರು ಏನನ್ನೋ ಒತ್ತಿದರು, ಕಾದರು, ಮತ್ತೊಮ್ಮೆ ಒತ್ತಿದರು.

"ಮೂವತ್ತೊಂಬತ್ತೂವರೆ" ಎಂದರು. "ಮೈಯಲ್ಲಿ ಮೂವತ್ತೇಳು. ಮೈಗೆ ಜ್ವರವೇ ಇಲ್ಲ. ತಲೆ ಮಾತ್ರ ಸುಡ್ತಾ ಉಂಟು ಮಾರಾಯ್ತಿ."

ಗುರಮ್ಮನಿಗೆ ನಗು ಬಂತು. ತಡೆಯಲು ಹೋದರೆ ಮೂಗಿನಿಂದ ರಕ್ತವೂ ಬಂತು.

"ಇಷ್ಟ ಹೇಳಾಕ ಇಷ್ಟು ದೊಡ್ಡ ಮಿಶಿನ್ ಬೇಕಾಗಿತ್ತೇನ್ರಿ ಮೇಡಂ? ನಾ ಬಾಗಲದಾಗ ನೋಡಿ ಹೇಳತಿದ್ದೆ."

ಉಮಾವತಿ ತಿರುಗಿದರು. ಅವರು ನಗಲಿಲ್ಲ. "ನಿನ್ನ ಹೆಸರು ವಿಮಲಾ ಅಲ್ವಾ?"

"ಅಲ್ಲರಿ. ಗುರಮ್ಮ."

"ನನ್ನ ಹತ್ರವೂ ಹೇಳ್ಲಿಲ್ಲ."

"ಸತ್ತವರ ಹೆಸರು ಹೆಂಗ ಹೇಳ್ಲಿ?"

ಉಮಾವತಿ ಪರದೆಯ ಚೌಕದ ಮೇಲೆ ಬೆರಳಿಟ್ಟರು. "ಇದು ಸಿಟ್ಟಿನ ಬಿಸಿ ಅಲ್ಲ ಗುರಮ್ಮ. ಪೆಟ್ಟಿನದ್ದು. ಹೀಗೆ ಬಿಟ್ರೆ ಮೆದುಳು ಇನ್ನೂ ಹಾಳಾಗ್ತದೆ. ತಣ್ಣಗೆ ಮಾಡ್ತಾರೆ ಈಗ. ಬದುಕಿದ್ರೂ ಬದುಕಬಹುದು." ನಂತರ ದನಿ ತಗ್ಗಿಸಿದರು. "ನಿನಗೆ ಬೇರೆ ಆಸ್ಪತ್ರೆಯಲ್ಲಿ ಕೆಲಸ ಬೇಕಾದ್ರೆ ಹೇಳು. ಪನ್ವೇಲದಲ್ಲಿ ನನ್ನ ಪರಿಚಯದವರಿದ್ದಾರೆ. ನಾಳೆಯೇ ಹೋಗಬಹುದು."

ಗುರಮ್ಮ ಹತ್ತಿ ಬದಲಿಸಿಕೊಂಡಳು.

ಚಂದ್ರಾಮನನ್ನು ಮೇಲಕ್ಕೆ ಒಯ್ದರು. ಹಿಂದೆಯೇ ಹೋಗಬೇಕಿದ್ದ ಭೀಮು ಹೋಗದೆ ಬಾಗಿಲ ಬಳಿ ಕಾದಿದ್ದ. ಅವಳು ಬಿಟ್ಟು ಬಂದಾಗ ಇಪ್ಪತ್ತೈದರ ತರುಣ, ಈಗ ಕಪಾಳದ ಹತ್ತಿರ ನರೆ ಇಣುಕಿತ್ತು.

"ವೈನಿ" ಎಂದು ಅತ್ತಿಗೆಯನ್ನು ಕರೆದ. "ಅವ್ವ ಅಳಾಕತ್ತ್ಯಾಳ. ಮನಿಗಿ ಬರ್ರಿ. ಅಣ್ಣ ಎದ್ದರೂ ಹಾಸಿಗ್ಯಾಗ ಇರ್ತಾನಂತ ಡಾಕ್ಟರ್ ಹೇಳ್ಯಾರ. ಉಣಸೂದು, ತೊಳೆಯೂದು, ಅವ್ವನ ಕೈಲೆ ಆಗೂದಿಲ್ಲ."

"ನೀ ಇದ್ದಿಯಲ್ಲ."

"ನಾ ಗಂಡಸು, ವೈನಿ."

"ಹೌದಾ? ನನ್ನ ನೀರಾಗ ಒತ್ತಿದಾಗ ಹೊಸ್ತಲದಾಗ ನಿಂತಿದ್ದಿ ನೋಡ. ಆಗ ಗೊತ್ತಾಗ್ಲಿಲ್ಲ ನನಗ."

ಭೀಮು ನೆಲ ನೋಡಿದ. ಆಮೇಲೆ ಬೇರೆ ದನಿಯಲ್ಲಿ ಹೇಳಿದ. "ಅಣ್ಣ ಎದ್ದ ಮ್ಯಾಲೆ ನೀವು ಅದೀರಿ ಅಂತ ತಿಳದ್ರ ಸುಮ್ಮ ಇರೂದಿಲ್ಲ. ಹುಡಿಕ್ಯಾಡತಾನ. ನಿಮಗೂ ಗೊತ್ತೈತಿ."

"ಹುಡಿಕ್ಯಾಡೂದು ಯಾಕ? ನೀನ ಹೇಳು. ಗುರಮ್ಮ ಸತ್ತಿಲ್ಲ, ಸೀವುಡ್ಸಿನ್ಯಾಗ ಇದೇ ಬಾಗಲದಾಗ ಬೆಳಿಗ್ಗೆ ಎಂಟರಿಂದ ಇರ್ತಾಳ ಅಂತ ಹೇಳು. ನಾ ಪನ್ವೇಲಕ್ಕೂ ಹೋಗೂದಿಲ್ಲ, ಕೋಪರಿಗೂ ಬರೂದಿಲ್ಲ. ನಾಳಿಂದ ಠಾಣಾದಾಗ ಮಾರಿ ಮುಚ್ಚೂದೂ ಇಲ್ಲ."

ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಬೆರಗಾದಳು. ಭೀಮು ಅವಳ ಹುಬ್ಬಿನ ಗಾಯವನ್ನೇ ನೋಡುತ್ತಿದ್ದ.

"ಹಂಗಾದ್ರ ಯಾಕ ಹೇಳಿದ್ರಿ ವೈನಿ? ಲಾಳದ ಮಾತು. ಸುಮ್ಮಿದ್ದಿದ್ರ ಎಲ್ಲಾ ಇವತ್ತ ಮುಗೀತಿತ್ತಲ್ಲ. ನಿಮ್ಮನ್ನ ಯಾರೂ ಕೇಳತಿರಲಿಲ್ಲ."

ಒಳಗಿನಿಂದ ಉಮಾವತಿಯ ದನಿ ಬಂತು. ಮುಂದಿನ ರೋಗಿ ಬಂದಾಗಿತ್ತು, ಗಾಲಿಕುರ್ಚಿಯಲ್ಲಿ ಒಬ್ಬಳು ಮುದುಕಿ, ತಲೆತುಂಬ ಪಿನ್ನು. ಗುರಮ್ಮ ಮಾಸ್ಕನ್ನು ಮೇಲಕ್ಕೆ ಎಳೆದುಕೊಂಡಳು.

"ಅವನ ಸಲುವಾಗಿ ಹೇಳಿಲ್ಲ ಭೀಮು" ಎಂದಳು, ಆಗಲೇ ಕುರ್ಚಿಯ ಕಡೆ ನಡೆಯುತ್ತ, "ಆ ಮೂರನೇ ಹೆಜ್ಜಿಗಿ ನನ್ನ ಕೈ ನಾ ನೋಡಿದೆ, ಅದು ನನ್ನ ಕೈ ಆಗಿರಲಿಲ್ಲ, ನಿಮ್ಮಣ್ಣಂದಾಗಿತ್ತು."